ಹೋಗ್ತೇನಿ ಅಂದ ಸುಂದರಬಾಯಿ

ಬೀದರಿನ ಬಸ್ ನಿಲ್ದಾಣದ ಎದುರಿನ ಗಲ್ಲಿಯಲ್ಲಿ ಕ್ಯಾಥರಿನಳ ಖಾನಾವಳಿ ನಿಂತಿದ್ದದ್ದು ಸುಂದರಬಾಯಿಯ ಎರಡು ಅಂಗೈಗಳ ಮೇಲೆ. ಈ ಮಾತನ್ನು ಕ್ಯಾಥರಿನ ಯಾರ ಮುಂದೆಯೂ ಆಡಿದವಳಲ್ಲ. ಸುಂದರಬಾಯಿಯ ಮುಂದಂತೂ ಅಪ್ಪಿತಪ್ಪಿಯೂ ಆಡಿದವಳಲ್ಲ. ಪಲ್ಯ ಯಾರಾದರೂ ಮಾಡಬಹುದು, ಬೇಳೆ ತಾನಾಗಿಯೇ ಬೇಯುತ್ತದೆ. ಆದರೆ ಕಚೇರಿಯವರು, ವಕೀಲರು, ಔಷಧಿ ಅಂಗಡಿಯವರು ಮಧ್ಯಾಹ್ನದ ಬಿಸಿಲಲ್ಲಿ ಕರವಸ್ತ್ರ ತಲೆಗೆ ಹಾಕಿಕೊಂಡು ಈ ಗಲ್ಲಿಗೆ ನುಗ್ಗುತ್ತಿದ್ದದ್ದು ಆ ಹೆಂಗಸು ಬಡಿಯುವ ಜೋಳದ ರೊಟ್ಟಿಗೆ. ಅದು ತವೆಯ ಮೇಲೆ ಉಬ್ಬಿ, ತಟ್ಟೆಗೆ ಬಿದ್ದು, ಗಿರಾಕಿಯ ಬೆರಳು ತಾಗಿದೊಡನೆ ಉಸ್ಸೆಂದು ಉಸಿರು ಬಿಡುತ್ತಿತ್ತು.

ಕ್ಯಾಥರಿನ ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನೈಟ್ ಡ್ಯೂಟಿ ಮಾಡಿ ಮಾಡಿ ಸಾಕಾಗಿ, ಇನ್ನು ಆರಾಮಾಗಿರೋಣ ಎಂದು ಖಾನಾವಳಿ ತೆಗೆದಳು. ಆರಾಮು ಆ ದಿನವೇ ಊರು ಬಿಟ್ಟು ಹೋಯಿತು. ವಾರ್ಡು ಬಿಟ್ಟರೂ ವಾರ್ಡಿನ ಚಾಳಿ ಅವಳನ್ನು ಬಿಡಲಿಲ್ಲ. ಗಳಿಗೆಗೊಮ್ಮೆ ಅಡುಗೆಮನೆಗೆ ರೌಂಡ್ಸ್ ಹೋಗುವಳು. ನಾಡಿ ಹಿಡಿದಂತೆ ಹಿಟ್ಟು ಮುಟ್ಟಿ ನೋಡುವಳು. ಕೆಲಸದವರೂ ಅವಳನ್ನು ಅಕ್ಕ ಅನ್ನಲಿಲ್ಲ, ಮೇಡಂ ಅನ್ನಲಿಲ್ಲ, ಸಿಸ್ಟರ ಅಂದರು. ಸುಂದರಬಾಯಿ ಒಬ್ಬಳು ಮಾತ್ರ ಬಾಯಿ ಅನ್ನುತ್ತಿದ್ದಳು.

ಅವಳ ದೊಡ್ಡ ತಲೆನೋವು ಊಟ ಬಡಿಸುವ ಬಕ್ಕಪ್ಪ. ಜನವಾಡದವನು, ಮನೆಯಲ್ಲಿ ಕುರಿ ಮಂದೆ. ಯಾವ ಕುರಿ ಯಾವಾಗ ಮರಿ ಹಾಕುವುದೋ, ಯಾವ ಟಗರು ಯಾರ ಕಡಲೆ ಹೊಲಕ್ಕೆ ನುಗ್ಗುವುದೋ ಹೇಳಬರುವಂತಿರಲಿಲ್ಲ. ಸಂಜೆ "ಬರ್ತೇನ್ರಿ ಸಿಸ್ಟರ" ಎಂದು ನಗುತ್ತ ಹೋದವನು ಮರುದಿನ ಪತ್ತೆ ಇರುತ್ತಿರಲಿಲ್ಲ. ಒಂದು ಸಲ ಕ್ಯಾಥರಿನ ಅವನನ್ನು ದುಡ್ಡಿನ ಗಲ್ಲದ ಮುಂದೆ ನಿಲ್ಲಿಸಿ ಕೇಳಿದಳು.

"ಮೊನ್ನಿ ಸಂಜಿಗಿ ಏನಂದಿ ನೀ? ಬರ್ತೇನಿ ಅಂದಿಯೊ ಇಲ್ಲೊ?"

"ಅಂದೀನ್ರಿ."

"ಮತ್ತ ನಿನ್ನಿ ಯಾಕ ಬರ್ಲಿಲ್ಲ?"

"ಅದು ಹೋಗೂದಕ್ಕ ಅಂದಿದ್ದು ಸಿಸ್ಟರ, ಬರೂದಕ್ಕ ಅಂದಿದ್ದಲ್ಲ."

"ಹೋಗೂದಕ್ಕ ಹೋಗ್ತೇನಿ ಅನ್ನಬೇಕಲ್ಲೊ!"

ಬಕ್ಕಪ್ಪ ಎರಡೂ ಕಿವಿ ಮುಟ್ಟಿಕೊಂಡ. "ಹಂತಾ ಮಾತು ಯಾಕ ಆಡಸ್ತೀರಿ? ನನಗ ಹೆಂಡ್ರು ಮಕ್ಕಳು ಅವ್ರಿ."

ಅಂದೇ ಕ್ಯಾಥರಿನ ಎಲ್ಲರನ್ನೂ ಸೇರಿಸಿ ಕಾನೂನು ಮಾಡಿದಳು. ಮರುದಿನ ಕೆಲಸಕ್ಕೆ ಬರುವವರು ಸಂಜೆ ಹೊರಡುವಾಗ 'ಬರ್ತೇನಿ' ಅನ್ನಬೇಕು. ಮರುದಿನ ಸೂಟಿ, ಅಂದರೆ ರಜೆ, ಬೇಕಾದವರು 'ಹೋಗ್ತೇನಿ' ಅನ್ನಬೇಕು. ಆಯಿತು, ಇನ್ನು ಗೊಂದಲವಿಲ್ಲ. ಗಲ್ಲ, ಗಿರಾಕಿ ಎರಡನ್ನೂ ನೋಡಿಕೊಳ್ಳುವ ಮುಸ್ತಕೀಮ ಮಾತ್ರ ಮೆಲ್ಲಗೆ ಕೆಮ್ಮಿದ.

"ಸಿಸ್ಟರ, ಮನ್ಯಾನ ಮಂದಿ ಹೆಣ ಎತ್ತುವಾಗ ಸೈತ 'ಹೋದ' ಅನ್ನಲ್ಲ, 'ತೀರಕೊಂಡ' ಅಂತಾರ. ಜೀವಂತ ಇರೋ ಮನಷ್ಯಾ ತಾನs ಬಾಯಿ ತೆರದು ಹೋಗ್ತೇನಿ ಹ್ಯಾಂಗ ಅನ್ನಬೇಕ್ರಿ?"

ಅವನ ಕೆಮ್ಮೇ ಉಳಿದುಕೊಂಡಿತು. ಸೂಟಿ ಬೇಕಾದವರು "ಬರ್ತೇನ್ರಿ" ಎಂದು, ಹೊಸ್ತಿಲಲ್ಲಿ ನಿಂತು, ಒಂದು ಸಲ ಕೆಮ್ಮತೊಡಗಿದರು. ಒಣಕೆಮ್ಮು ಬಂತೆಂದರೆ ನಾಳೆ ಆಳಿಲ್ಲ ಎಂದು ಕ್ಯಾಥರಿನಳೂ ತಿಳಿದುಕೊಂಡಳು. ನರ್ಸ್ ಆಗಿದ್ದವಳು, ಕೆಮ್ಮಿನ ಜಾತಿ ಗುರುತಿಸುವುದು ಅವಳಿಗೆ ಕಷ್ಟವೇ? ಕಾನೂನು ಹಾಗೆ ಸದ್ದಿಲ್ಲದೆ ಸತ್ತಿತು. ಮಾಡಿದವಳೂ ಮರೆತಳು.

ಇಷ್ಟರಲ್ಲಿ ರಶೀದ ಅಹ್ಮದ ಎನ್ನುವವನು ಊಟಕ್ಕೆ ಬರತೊಡಗಿದ. ಭಾಲ್ಕಿಯವನು, ದುಂಡನೆಯ ಮೈ, ಅತ್ತರಿನ ವಾಸನೆ, ನಯವಾದ ಮಾತು. ರೊಟ್ಟಿಯನ್ನು ಬೆಳಕಿಗೆ ಹಿಡಿದು, ಬಟ್ಟೆ ಅಂಗಡಿಯಲ್ಲಿ ಸೀರೆಯ ನೇಯ್ಗೆ ನೋಡುವವರ ಹಾಗೆ ನೋಡುತ್ತಿದ್ದ. ಭಾಲ್ಕಿಯಲ್ಲಿ ಅವನು ದೊಡ್ಡ ಫ್ಯಾಮಿಲಿ ಹೋಟೆಲು ಕಟ್ಟಿಸುತ್ತಿದ್ದಾನೆ, ರೊಟ್ಟಿ ಬಡಿಯುವವರನ್ನು ಹುಡುಕುತ್ತಿದ್ದಾನೆ ಎಂಬ ಸುದ್ದಿಯನ್ನು ಮುಸ್ತಕೀಮನೇ ತಂದ.

"ಈ ರೊಟ್ಟಿ ಯಾರ ಕೈದು ಭಾಯ್?" ಎಂದು ರಶೀದ ಅಹ್ಮದ ಕೇಳಿದಾಗ ಮುಸ್ತಕೀಮ ಕಣ್ಣು ಮಿಟುಕಿಸದೆ ಹೇಳಿದ್ದ: "ಒಳಗ ಮಷೀನ್ ಅದರಿ."

ಕ್ಯಾಥರಿನಳಿಗೆ ಈ ಉತ್ತರ ಬಹಳ ಹಿಡಿಸಿತು. ಅಡುಗೆಮನೆಯ ಕಿಟಕಿ ಮುಚ್ಚಿಸಿದಳು. ಯಾಕೆ ಎಂದು ಸುಂದರಬಾಯಿ ಕೇಳಿದರೆ ನೊಣ ಅಂದಳು. ಸುಂದರಬಾಯಿ ಬೆವರು ಒರೆಸಿಕೊಂಡು ರೊಟ್ಟಿ ಬಡಿದಳು. ತಾನು ಮಷೀನಾಗಿದ್ದು ಅವಳಿಗೆ ಗೊತ್ತಾಗಲಿಲ್ಲ.

ಹೀಗಿರುವಾಗ ಗುರುವಾರ ಸಂಜೆ ಆ ಮಾತು ಬಿತ್ತು. ಸುಂದರಬಾಯಿ ಹಿಟ್ಟಿನ ಪರಾತ ತೊಳೆದು ಬೋರಲು ಹಾಕಿದಳು. ಕಾಲು ತೊಳೆದಳು. ಕುಂಕುಮ ತಿದ್ದಿಕೊಂಡಳು. ಕೈಯಲ್ಲಿ ದೊಡ್ಡದೊಂದು ಗಂಟು. ಗ್ಯಾಸ್ ಸಿಲಿಂಡರಿನವನ ಜೊತೆ ಫೋನಿನಲ್ಲಿ ಜಗಳಾಡುತ್ತಿದ್ದ ಕ್ಯಾಥರಿನಳ ಮುಂದೆ ಬಂದು ನಿಂತು, ಶಾಲೆಯ ಹುಡುಗಿ ಪಾಠ ಒಪ್ಪಿಸುವಂತೆ, ಸ್ಪಷ್ಟವಾಗಿ ಅಂದಳು:

"ಬಾಯಿ, ಹೋಗ್ತೇನಿ."

ಅಂದವಳೇ ತಿರುಗಿ ನೋಡದೆ ಹೋದಳು. ಬಕ್ಕಪ್ಪನ ಕೈಯಿಂದ ಲೋಟಗಳ ಗೋಪುರ ಜಾರಿತು. ಕ್ಯಾಥರಿನ ಫೋನು ಕಿವಿಗಿಟ್ಟುಕೊಂಡೇ ಗಲ್ಲಿಗೆ ಓಡಿದಳು. ಗಲ್ಲಿಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಸುಂದರಬಾಯಿಗೆ ಫೋನು ಹಚ್ಚಿದರೆ ಬಂದ್. ಬಂದ್ ಇಟ್ಟರೆ ಚಾರ್ಜು ಉಳಿಯುತ್ತದೆ ಎಂಬುದು ಸುಂದರಬಾಯಿಯ ನಂಬಿಕೆ. ತನಗೆ ಮಾತಾಡುವುದಿದ್ದಾಗ ಮಾತ್ರ ಅವಳು ಅದನ್ನು ಎಬ್ಬಿಸುತ್ತಿದ್ದಳು.

"ಹೋಗ್ತೇನಿ ಅಂದ್ಲಲ್ರಿ," ಅಂದ ಬಕ್ಕಪ್ಪ, ಸೂತಕದ ಮನೆಯ ದನಿಯಲ್ಲಿ. "ಮಗ್ಗಲಾಗ ನಿಂತು ಕೇಳೀನಿ. ಕೆಮ್ಮಲಿಲ್ಲ ಸೈತ."

ಮುಸ್ತಕೀಮ ಬಸ್ ನಿಲ್ದಾಣಕ್ಕೆ ಓಡಿಹೋಗಿ ಏದುಸಿರು ಬಿಡುತ್ತ ಬಂದ. "ಭಾಲ್ಕಿ ಬಸ್ ಹತ್ಯಾಳಂತ್ರಿ ಸಿಸ್ಟರ. ಕಂಡಕ್ಟರ್ ಕೈಲೆ ಗಂಟು ಮ್ಯಾಲ ಇಡಿಸ್ಯಾಳಂತ."

ಭಾಲ್ಕಿ! ರಶೀದ ಅಹ್ಮದ ಕೂತು ಉಣ್ಣುತ್ತಿದ್ದ ಬೆಂಚಿನ ಕಡೆ ಕ್ಯಾಥರಿನ ತಿರುಗಿ ನೋಡಿದಳು.

ಆ ರಾತ್ರಿ ಮೈಲೂರು ಬಡಾವಣೆಯ ಮನೆಯಲ್ಲಿ ಅವಳಿಗೆ ನಿದ್ದೆ ಹತ್ತಲಿಲ್ಲ. ರೊಟ್ಟಿ ಇಲ್ಲದ ಖಾನಾವಳಿ ಎಷ್ಟು ದಿನ ನಡೆದೀತು? ಬಾಗಿಲು ಹಾಕಿ ಮತ್ತೆ ನೈಟ್ ಡ್ಯೂಟಿಗೆ ಹೋಗಬೇಕೇ, ಈ ಮೊಣಕಾಲು ಇಟ್ಟುಕೊಂಡು? ಬೆಳಿಗ್ಗೆ ಮಗಳು ಪರ್ಲ ಕಾಲೇಜಿನ ಡಬ್ಬಿ ತೆಗೆದು ನೋಡಿ, "ಮಮ್ಮಿ, ಎರಡೂ ಖಾನ್ಯಾಗ ಉಪ್ಪಿನಕಾಯಿನೇ ಹಾಕೀರಿ," ಅಂದಾಗ, "ಒಂದರಾಗಿಂದು ಗೆಳತ್ಯಾರಿಗಿ ಕೊಡು," ಎಂದು ಹೇಳಿ ಕ್ಯಾಥರಿನ ಚಪ್ಪಲಿ ಮೆಟ್ಟಿದಳು.

ಬಸ್ಸು ಹೆಣ್ಣುಮಕ್ಕಳಿಗೆ ಫುಕಟ್ ಆದಂದಿನಿಂದ ಸೀಟು ಸಿಗುವುದು ಪುಣ್ಯವಂತರಿಗೆ ಮಾತ್ರ. ಭಾಲ್ಕಿಯವರೆಗೂ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಆಧಾರ್ ಕಾರ್ಡು ಹಿಡಿದು ನಿಂತೇ ಬಂದ ಕ್ಯಾಥರಿನ ಮನಸ್ಸಿನಲ್ಲೇ ಭಾಷಣ ಕಟ್ಟಿದಳು. ಮೊದಲು ಸಿಟ್ಟು, ಆಮೇಲೆ ಕಣ್ಣೀರು, ಕೊನೆಗೆ ಹಳೆಯ ಋಣ. ಕಟ್ಟುತ್ತ ಕಟ್ಟುತ್ತ ಅವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಕ್ಕದ ಮುದುಕಿ, "ಯಾರ್ ತೀರ್ಯಾರವ್ವಾ?" ಎಂದು ಕೇಳಿ, ಸೊಂಟದ ಚೀಲದಿಂದ ಎಲೆ ಅಡಿಕೆ ಕೊಟ್ಟಳು.

ಭಾಲ್ಕಿಯಲ್ಲಿ ರಶೀದ ಅಹ್ಮದನ ಹೋಟೆಲು ಹುಡುಕುವುದು ಕಷ್ಟವಾಗಲಿಲ್ಲ. ಬೋರ್ಡಿಗೆ ಇನ್ನೂ ಬಣ್ಣ ಹಚ್ಚುತ್ತಿದ್ದರು. ಒಳಗೆ ನೆಲಕ್ಕೆ ಪಾಲಿಶ್ ಮಷೀನು ಗರ್ರೆನ್ನುತ್ತಿತ್ತು. ರಶೀದ ಅಹ್ಮದ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ.

"ಎಲ್ಲ್ಯಾಳ್ರಿ ನಮ್ಮ ಸುಂದರಬಾಯಿ?" ಕ್ಯಾಥರಿನ ಕೂಗಿದಳು.

"ಯಾರ್ರಿ ಸುಂದರಬಾಯಿ?"

"ಏನೂ ಗೊತ್ತಿಲ್ಲದವರಂಗ ಮಾತಾಡಬ್ಯಾಡ್ರಿ! ನಮ್ಮ ರೊಟ್ಟಿ ಬಡಿಯೋ ಬಾಯಿ!"

ರಶೀದ ಅಹ್ಮದ ಕರವಸ್ತ್ರ ಕೆಳಗಿಳಿಸಿದ. "ನಿಮ್ಮಲ್ಲಿ ಮಷೀನ್ ಅದ ಅಂದಿದ್ರಲ್ಲ?"

ಕ್ಯಾಥರಿನ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮುಸ್ತಕೀಮ. ಪಾಲಿಶ್ ಮಷೀನಿನ ಸದ್ದಿನಲ್ಲಿ ಅವನ ಮಾತು ಅರ್ಧ ಮುಳುಗಿ ಅರ್ಧ ತೇಲುತ್ತಿತ್ತು. ಬಕ್ಕಪ್ಪನಿಗೆ ಈಗ ನೆನಪಾಯಿತಂತೆ, ಭಾಲ್ಕಿಯಿಂದ ಮುಂದೆ ಬಸ್ಸು ಯಾವಾಗ ಎಂದು ಸುಂದರಬಾಯಿ ಅವನನ್ನು ಕೇಳಿದ್ದಳಂತೆ.

"ಎಲ್ಲಿಗಿ? ಜೋರ್ ಹೇಳೊ! ಔರಾದ? ಔರಾದದಾಗ ಎಲ್ಲಿ? ತಂಗಿ ಮನಿ? ಸತ್ಯಮ್ಮ? ಅಮರೇಶ್ವರ ಗುಡಿ ಹಿಂದ, ಹಿಟ್ಟಿನ ಗಿರಣಿ ಮಗ್ಗಲಾ? ನೀಲಿ ಬಾಗಲಾ?"

'ನೀಲಿ ಬಾಗಲಾ' ಎನ್ನುವ ಹೊತ್ತಿಗೆ ಪಾಲಿಶ್ ಮಷೀನು ನಿಂತುಹೋಗಿತ್ತು. ನಿಲ್ಲಿಸಿದವನು ರಶೀದ ಅಹ್ಮದ. ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಯವಾಗಿ ನಕ್ಕ. "ಚಾ ಕುಡೀರಿ ಸಿಸ್ಟರ."

"ಬ್ಯಾಡ್ರಿ," ಎಂದು ಕ್ಯಾಥರಿನ ನಿಲ್ದಾಣಕ್ಕೆ ಓಡಿದಳು.

ಔರಾದದ ಬಸ್ಸು ಕಮಲನಗರದ ಮೇಲೆ ಹಾಯ್ದು ಹೋಗುವಂಥದು. ಕೈ ಮಾಡಿದವರಿಗೆಲ್ಲ ನಿಲ್ಲುತ್ತಿತ್ತು. ಕಮಲನಗರದಲ್ಲಿ ಡ್ರೈವರು ಮರಾಠಿ ಮಾತಾಡುತ್ತ ಚಹಾ ಕುಡಿದ. ಆ ಚಹಾ ಮುಗಿಯಲೇ ಇಲ್ಲ. ಊಟದ ಹೊತ್ತು ಸಮೀಪಿಸುತ್ತಿತ್ತು. ಮುಸ್ತಕೀಮನ ಫೋನು ಮತ್ತೆ ಬಂತು.

"ರೊಟ್ಟಿ ಬಕ್ಕಪ್ಪ ಮಾಡ್ಲತ್ತಾನ್ರಿ ಸಿಸ್ಟರ."

"ಬರ್ಲತ್ತಾವೇನು?"

"ಮೊದಲನೇದು ತವಾಕ್ಕ ಅಂಟ್ಯದ. ಎರಡನೇದು ಬಕ್ಕಪ್ಪಗ ಅಂಟ್ಯದ."

"ಏ, ಬಿಡಸೊ ಅವನಿಗಿ! ಏನರೆ ಬ್ಯಾರೆ ಮಾಡು."

"ಖಿಚಡಿ ಹಚ್ಚೀನ್ರಿ. ಆದ್ರ ಗಿರಾಕಿ ತಾಟು ನೋಡಿ, ನಾವೇನ್ ಜ್ವರ ಬಂದು ಮಲಗೀವೇನು ಅಂತ ಕೇಳ್ಲತ್ತಾರ. ಏನ್ ಹೇಳ್ಲಿ?"

"ದವಾಖಾನ್ಯಾಗ ದುಡದಾಕಿ ನಡಸೋ ಖಾನಾವಳಿ ಅಂತ ಹೇಳು," ಎಂದು ಕ್ಯಾಥರಿನ ಫೋನು ಇಟ್ಟಳು. ಅವಳ ಕಣ್ಣ ಮುಂದೆ ಖಾಲಿ ಬೆಂಚುಗಳು ಸಾಲಾಗಿ ನಿಂತವು.

ಔರಾದದಲ್ಲಿ ಇಳಿದು ಗುಡಿ ಹಿಂದಿನ ಗಲ್ಲಿ ಹೊಕ್ಕರೆ ಹಿಟ್ಟಿನ ಗಿರಣಿ ಸಿಕ್ಕಿತು, ನೀಲಿ ಬಾಗಿಲೂ ಸಿಕ್ಕಿತು. ಮನೆಯ ಮುಂದೆ ಚಪ್ಪರ. ಆಗಷ್ಟೇ ತಲೆ ಬೋಳಿಸಿಕೊಂಡ ಕೂಸೊಂದು ಆಕಾಶ ಹರಿಯುವಂತೆ ಅಳುತ್ತಿತ್ತು. ಆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, "ಓ ಓ ಓ ರಾಜಾ," ಎಂದು ಸಮಾಧಾನ ಮಾಡುತ್ತಿದ್ದವನು ರಶೀದ ಅಹ್ಮದ. ಅವನ ಕಾರು ಗಿರಣಿಯ ನೆರಳಿನಲ್ಲಿ ತಣ್ಣಗೆ ನಿಂತಿತ್ತು. ಪಕ್ಕದಲ್ಲಿ ಎರಡು ಪೆಟ್ಟಿಗೆ ಪೇಢೆ.

ಕ್ಯಾಥರಿನ ಖಾಲಿ ಕೈ. ಕೈಯಲ್ಲಿದ್ದದ್ದು ಮುದುಕಿ ಕೊಟ್ಟ ಎಲೆ ಅಡಿಕೆ ಮಾತ್ರ.

"ಅಯ್ಯ ಬಾಯಿ!" ಹಸಿರು ಸೀರೆಯುಟ್ಟ ಸುಂದರಬಾಯಿ ಕೈ ಒರೆಸಿಕೊಳ್ಳುತ್ತ ಓಡಿಬಂದಳು. "ಸತ್ಯಮ್ಮಾ, ಬಾ, ನೋಡಿಲ್ಲಿ! ಸೂಟಿ ಕೊಟ್ಟಿದ್ದಲ್ಲದs ನಿನ್ನ ಮೊಮ್ಮಗನ ಜಾವಳಕ್ಕೂ ಬಂದಾರ. ಇಂಥಾ ಮಾಲಕರು ಸಿಗ್ತಾರೇನ?"

"ಸೂಟಿನಾ?" ಕ್ಯಾಥರಿನಳ ಕಟ್ಟಿದ ಭಾಷಣವೆಲ್ಲ ಸಡಿಲಾಯಿತು. "ಯಾವಾಗ ಕೇಳಿದ್ರಿ ಸೂಟಿ?"

"ನಿನ್ನಿ ಸಂಜಿಗಿ ಹೇಳೇ ಬಂದೀನಲ್ರಿ! ನೀವs ಮಾಡಿದ ಕಾನೂನು. ನಾಳಿ ಬರದವರು ಹೋಗ್ತೇನಿ ಅನ್ರಿ ಅಂತ. ನಮ್ಮ ಮರಾಠ್ಯಾಗೂ ಹಂಗ ಅನ್ನಂಗಿಲ್ಲ ಬಾಯಿ, ಹೊರಡುವಾಗ 'ಯೇತೇ', ಅಂದ್ರ ಬರ್ತೇನಿ, ಅಂತೀವಿ. ಎಷ್ಟ ಅಂಜಿಕಿ ಬಂತು ಗೊತ್ತದೇನು? ಆದ್ರ ಮಾಲಕರ ಮಾತು. ಬಾಯಾಗ ಹೋಗ್ತೇನಿ ಅಂದೆ, ಮನಸಿನ್ಯಾಗ ಎರಡು ಸಲ 'ಯೇತೇ, ಯೇತೇ' ಅಂದೆ. ಭಾಲ್ಕಿಗಿ ಹೋಗಿ ಅಕ್ಕಗ ಕರ್ಕೊಂಡು ಇಲ್ಲಿಗಿ ಬಂದೀನಿ."

ಕ್ಯಾಥರಿನ ಚಪ್ಪರದ ಗೂಟ ಹಿಡಿದು ನಿಂತಳು. ಊರೆಲ್ಲ ಮುರಿದ ಕಾನೂನನ್ನು ಒಬ್ಬಳೇ ಒಬ್ಬಳು ಪಾಲಿಸಿದ್ದಳು. ಅದನ್ನು ಕೇಳಿ ಕಾನೂನು ಮಾಡಿದವಳೇ ಎದೆ ಒಡೆದುಕೊಂಡು ಮೂರು ತಾಲೂಕು ತಿರುಗಿದ್ದಳು. ನಗಬೇಕೆನ್ನಿಸಿತು. ನಗಲು ರಶೀದ ಅಹ್ಮದ ಬಿಡಲಿಲ್ಲ.

"ಅಂದ್ರ ಬಾಯಿ, ನೀವ್ ಇವ್ರ ಕೆಲಸ ಬಿಟ್ಟಿಲ್ಲೇನ್ರಿ?"

"ನಾ ಯಾಕ ಬಿಡ್ಲಿ? ಮಿಠಾಯಿ ತಂದೀರಿ, ಕೂಸಿಗಿ ಆಡಸ್ಲತ್ತೀರಿ, ನೀವ್ ಯಾರಂತ ಇನ್ನಾ ಹೇಳೇ ಇಲ್ಲ. ನಮ್ಮ ಸತ್ಯಮ್ಮ ನೀವು ಅಳಿಯನ ಕಡಿಯವರು ಅಂತ ತಿಳದಾಳ."

ರಶೀದ ಅಹ್ಮದ ಕೂಸನ್ನು ಸತ್ಯಮ್ಮನಿಗೆ ಕೊಟ್ಟು ಎದ್ದು ನಿಂತ. ಎಲ್ಲವನ್ನೂ ಹೇಳಿದ. ಭಾಲ್ಕಿಯ ಹೋಟೆಲು, ಈ ರೊಟ್ಟಿಗಾಗಿ ಬೀದರಿಗೆ ಎಷ್ಟು ಸಲ ಬಂದದ್ದು, ಎಷ್ಟು ಸಲ ಕೇಳಿದ್ದು. "ಪ್ರತಿ ಸಲ ಒಂದೇ ಜವಾಬು. ಒಳಗ ಮಷೀನ್ ಅದ."

ಸುಂದರಬಾಯಿ ನಿಧಾನವಾಗಿ ಕ್ಯಾಥರಿನಳ ಕಡೆ ತಿರುಗಿದಳು. "ನಾ ಮಷೀನಾ?"

"ಅದು ಮುಸ್ತಕೀಮ ಅಂದಿದ್ದು..."

"ಕಿಟಕಿ ಮುಚ್ಚಿಸಿದ್ದೂ ಮುಸ್ತಕೀಮನಾ? ನೊಣ ಅಂದ್ರಿ. ಇವ್ರೇನು ನೊಣ?"

ರಶೀದ ಅಹ್ಮದನಿಗೆ ನೊಣ ಎನ್ನಿಸಿಕೊಂಡದ್ದು ಸೇರಲಿಲ್ಲ, ಆದರೆ ಸಂದರ್ಭ ಸೇರಿತು. "ನಮ್ಮಲ್ಲಿ ಹಂಗಿಲ್ಲ ಬಾಯಿ. ಬೋರ್ಡಿನ ಮ್ಯಾಲ ನಿಮ್ಮ ಫೋಟೋ ಹಾಕಸ್ತೇನಿ. ಬಿಳಿ ಟೊಪಗಿ, ಬಿಳಿ ಕೋಟು. ನಿಂತು ಬಡಿಯೋ ಕಟ್ಟಿ, ಮ್ಯಾಲ ಫ್ಯಾನ್."

ಚಪ್ಪರದ ಹೆಂಗಸರೆಲ್ಲ "ಟೊಪಗಿ!" ಎಂದು ಬಾಯ ಮೇಲೆ ಸೆರಗು ಇಟ್ಟುಕೊಂಡರು. ಸುಂದರಬಾಯಿ ನಗಲಿಲ್ಲ. ಕೈ ತಾನಾಗಿ ತಲೆಯ ಹತ್ತಿರ ಹೋಗಿ, ಅಲ್ಲಿ ಟೊಪ್ಪಿಗೆ ಇದ್ದಿದ್ದರೆ ಹೇಗೆ ಕೂರುತ್ತಿತ್ತೆಂದು ಅಳೆದು, ಕೆಳಗಿಳಿಯಿತು. ಅದನ್ನು ಕ್ಯಾಥರಿನ ನೋಡಿದಳು. ಸುಂದರಬಾಯಿಯನ್ನು ನಿನ್ನೆ ಕಳೆದುಕೊಂಡಿರಲಿಲ್ಲ, ಇವತ್ತು ತಾನೇ ವಿಳಾಸ ಕೂಗಿ, ಅವನ ಕಾರಿಗೆ ದಾರಿ ತೋರಿಸಿ, ಕಳೆದುಕೊಳ್ಳುತ್ತಿದ್ದಳು.

"ಸಾಹೇಬರ, ಒಂದು ಮಾತು ಕೇಳ್ತೇನಿ," ಅಂದಳು ಸುಂದರಬಾಯಿ. "ನಾ ರೊಟ್ಟಿ ಬಡಿಯುವಾಗ ನನ್ನ ಬೆನ್ನ ಹಿಂದ ಯಾರ್ ನಿಂದರ್ತಾರ?"

"ಯಾರೂ ಇಲ್ಲ!" ರಶೀದ ಅಹ್ಮದ ಎದೆ ತಟ್ಟಿಕೊಂಡ. "ಅದೆಲ್ಲಾ ಹಳೇ ಕಾಲದ್ದು. ನಮ್ಮಲ್ಲಿ ಕ್ಯಾಮೆರಾ ಅದ. ನಿಮ್ಮ ಕೈ ಮ್ಯಾಲ ಒಂದು, ತವಾದ ಮ್ಯಾಲ ಒಂದು, ಹಿಟ್ಟಿನ ಡಬ್ಬಿ ಮ್ಯಾಲ ಒಂದು. ನಾ ಮನ್ಯಾಗ ಮಲಗಿದ್ರೂ ಮೊಬೈಲ್‌ನ್ಯಾಗ ಎಲ್ಲಾ ಕಾಣ್ತದ."

ಸುಂದರಬಾಯಿ, ಅಲ್ಲೇ ಕ್ಯಾಮೆರಾ ಇದ್ದಂತೆ, ತಲೆ ಎತ್ತಿ ಚಪ್ಪರ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಈ ಬಾಯಿ ಬೆನ್ನ ಹಿಂದ ನಿಂದರ್ತಾರ, ಉಸಿರಾಡಿದ್ದಾದ್ರೂ ಕೇಳಸ್ತದ. ನೀವ್ ತಲಿ ಮ್ಯಾಲs ಕೂಡ್ತೀರಿ, ಮಲಕೊಂಡು! ನಾ ಕೆರಕೊಂಡ್ರ ಭಾಲ್ಕಿಗೆಲ್ಲಾ ಗೊತ್ತಾಗ್ತದ. ಬ್ಯಾಡ ಸಾಹೇಬರ. ಊಟ ಮಾಡಿ ಹೋಗ್ರಿ. ಹೋಳಿಗಿ ಅವ."

ಕ್ಯಾಥರಿನ ನಕ್ಕು ಮುಗಿಸುವ ಮೊದಲೇ ಸುಂದರಬಾಯಿಯ ಬೆರಳು ಅವಳ ಕಡೆ ತಿರುಗಿತು.

"ನಗಬ್ಯಾಡ್ರಿ, ನಿಮ್ಮದಿನ್ನಾ ಮುಗದಿಲ್ಲ. ಹಿಟ್ಟು ಮುಟ್ಟತೀರಿ. ತವಾ ಕಾದದೇನು ಅಂತ ನನಗs ಕೇಳ್ತೀರಿ. ಪಲ್ಯಾದಾಗ ಚಮಚಾ ಹಾಕಿ ಉಪ್ಪು ಹೆಚ್ಚ್ಯಾತು, ಕಮ್ಮ್ಯಾತು. ನನ್ನ ಅತ್ತಿ ಸತ್ತು ಜಮಾನಾ ಆತು, ಇಷ್ಟ ಕಾಡಿರ್ಲಿಲ್ಲ. ನಾಳಿಂದ ಊಟ ಸುರು ಆಗಿ ಮುಗಿಯೂತನಾ ನೀವು ಅಡಗಿಮನಿ ಹೊಸ್ತಿಲಾ ದಾಟಬಾರ್ದು. ದಾಟಿದ್ರ ನಾ ಹೋಗ್ತೇನಿ ಅನ್ನಂಗಿಲ್ಲ, ಸುಮ್ಮ ಹೋಗ್ತೇನಿ."

"ದಾಟಂಗಿಲ್ಲ," ಅಂದಳು ಕ್ಯಾಥರಿನ.

"ಕಿಟಕಿ ತೆರೀಬೇಕು."

"ತೆರಸ್ತೇನಿ."

"ನಮ್ಮ ಸತ್ಯಮ್ಮನ ಸಣ್ಣ ಮಗಳು ಮಾಯಾ, ಕೈ ಚಲೋ ಅದ. ನನ್ನ ಮಗ್ಗಲಾಗ ಕೂಡ್ಲಿ. ನನಗ ರಟ್ಟಿ ನೋಯ್ಲತ್ತಾವ ಬಾಯಿ." ಇದನ್ನು ಮಾತ್ರ ಅವಳು ಮೆಲ್ಲಗೆ ಅಂದಳು.

ಇಷ್ಟು ದಿನ ಗಳಿಗೆಗೊಮ್ಮೆ ಒಳಗೆ ಹೋಗಿ ಹಿಟ್ಟು ನೋಡಿದವಳು, ಆ ರಟ್ಟೆ ನೋಡಿರಲಿಲ್ಲ. ಕ್ಯಾಥರಿನ ಮುಂದೆ ಹೋಗಿ ಸುಂದರಬಾಯಿಯ ಭುಜ ಒತ್ತಿ, "ಇಲ್ಲೇನು? ಇಲ್ಲಿ?" ಎಂದು ಕೇಳಿದಳು. "ಹ್ಞಾಂ ಹ್ಞಾಂ, ಅಲ್ಲೇ," ಎಂದು ಸುಂದರಬಾಯಿ ಕಣ್ಣು ಮುಚ್ಚಿದಳು. ಮೂವರೂ ಒಂದೇ ಸಾಲಿನಲ್ಲಿ ಕುಳಿತು ಹೋಳಿಗೆ ಉಂಡರು. ರಶೀದ ಅಹ್ಮದ ಮೂರು ತಿಂದು, ಮಾಡಿದವರು ಯಾರೆಂದು ಕೇಳಿದ. ಮಷೀನ್ ಅಂದಳು ಸುಂದರಬಾಯಿ.

ಮರುದಿನ ಮಧ್ಯಾಹ್ನ ಖಾನಾವಳಿ ಗಿಜಿಗುಟ್ಟಿತು. ತೆರೆದ ಕಿಟಕಿಯಿಂದ ಎರಡು ಜೊತೆ ಕೈಗಳ ಬಡಿತ ಕೇಳುತ್ತಿತ್ತು. ನಡುನಡುವೆ ಮಾಯಾಳ ನಗು. ಕ್ಯಾಥರಿನ ಅಡುಗೆಮನೆಯ ಹೊಸ್ತಿಲವರೆಗೆ ಹೋಗುವಳು, ಗೆರೆ ಎಳೆದಂತೆ ನಿಲ್ಲುವಳು, ತಿರುಗುವಳು. ಒಂದು ಸಲ ಕುತ್ತಿಗೆ ಉದ್ದ ಮಾಡಿ ಇಣುಕಿದಳು.

"ಯಾರದು?" ಒಳಗಿನಿಂದ ದನಿ.

"ನಾನು."

"ಏನ್ ಬೇಕು?"

"ಏನಿಲ್ಲ. ಕಿಟಕಿ ಕಡಿ ಟೇಬಲ್ಲಿಗಿ ಎರಡು ರೊಟ್ಟಿ..."

"ಬಕ್ಕಪ್ಪ ಹೇಳ್ಯಾನ. ನೀವ್ ಉಂಡೀರೇನು?"

ಖಾನಾವಳಿ ತೆಗೆದಂದಿನಿಂದ ಅವಳು ಆ ಹೊತ್ತಿನಲ್ಲಿ ಉಂಡದ್ದೇ ಇರಲಿಲ್ಲ. ಬಾಗಿಲಿನಿಂದ ಒಂದು ಹಿಟ್ಟಿನ ಕೈ ತಟ್ಟೆಯೊಂದನ್ನು ಹೊರಗೆ ಚಾಚಿತು. ಮೇಲೆ ಉಬ್ಬಿದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. "ಕುಂತು ಉಣ್ರಿ."

ಕ್ಯಾಥರಿನ ಗಲ್ಲದ ಹಿಂದೆ ಕುಳಿತು ರೊಟ್ಟಿ ಮುರಿದಳು. ಬಿಸಿಗೆ ಬೆರಳು ಚುರ್ರೆಂದಿತು. ಒಂದು ತುತ್ತು ಬಾಯಿಗಿಟ್ಟಳು. ಪಲ್ಯಕ್ಕೆ ಉಪ್ಪು ಒಂದು ಚೂರು ಕಡಿಮೆಯಾಗಿತ್ತು.

ಎದ್ದಳು. ಅಡುಗೆಮನೆಯ ಕಡೆ ನೋಡಿದಳು. ಮುಸ್ತಕೀಮ ಚಿಲ್ಲರೆ ಕೊಡುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ತಾಟುಗಳನ್ನು ಎದೆಗೆ ಒತ್ತಿ ಹಿಡಿದು ಬಕ್ಕಪ್ಪನೂ ನಿಂತ.

ಕ್ಯಾಥರಿನ ಕುಳಿತಳು. "ಏನ್ ನೋಡ್ತಿ?" ಎಂದು ಮುಸ್ತಕೀಮನಿಗೆ ಗದರಿಸಿದಳು. "ಆ ಉಪ್ಪಿನ ಡಬ್ಬಿ ಇತ್ತಗಿ ತಾ. ಸಪ್ಪಳ ಮಾಡಬ್ಯಾಡ."